ಡೋಣಿಯ ಭೂಗತ ದೊರೆ

ಈ ಹಿಂಗಾರಿಯಲ್ಲಿ ಸಾಸಿವೆ ಬಾಟಲಿಯ ವಿಡಿಯೊ ನೋಡದವರು ಗದಗ ಸೀಮೆಯಲ್ಲಿ ಯಾರೂ ಉಳಿದಿರಲಿಕ್ಕಿಲ್ಲ. ಬಿಳಿ ಕೋಟು ತೊಟ್ಟವರೊಬ್ಬರು ಒಂದು ಮುಚ್ಚಳ ದ್ರಾವಣವನ್ನು ಕೊಡದ ನೀರಿಗೆ ಬೆರೆಸಿ ಗಿಡದ ಬುಡಕ್ಕೆ ಸುರಿಯುತ್ತಾರೆ. ಹಿಂದೆ ಕೊಳಲು ನುಡಿಯುತ್ತದೆ. ಬಾಡಿದ ಕಡಲೆ ಗಿಡ ಮುಂದಿನ ಚಿತ್ರದಲ್ಲಿ ನಳನಳಿಸುತ್ತ ನಿಂತಿರುತ್ತದೆ. ನೂರಕ್ಕೆ ನೂರು ಸಸ್ಯಮೂಲ, ಮಣ್ಣಿನ ಸಕಲ ರೋಗಗಳಿಗೂ ಒಂದೇ ಹೊಗೆ, ಇಂದೇ ಕರೆ ಮಾಡಿ! ಮೊದಲಿನ ಗಿಡವೇ ಬೇರೆ, ಆಮೇಲಿನ ಗಿಡವೇ ಬೇರೆ ಎಂದು ಯಾರಾದರೂ ಬಾಯಿಬಿಟ್ಟರೆ ಗುಂಪಿನ ಅಡ್ಮಿನ್ ಅವರನ್ನು ಹೊರಹಾಕುತ್ತಾನೆ.

ಮಾರುವವರು ಮಾತಾಡಿದ್ದಾಯಿತು, ಕೊಂಡವರು ಮಾತಾಡಿದ್ದಾಯಿತು, ಕೊಳ್ಳದವರು ಇನ್ನೂ ಹೆಚ್ಚು ಮಾತಾಡಿದ್ದಾಯಿತು. ಯಾರನ್ನು ಕೊಲ್ಲಲೆಂದು ಈ ಬಾಟಲಿ ಹುಟ್ಟಿತೋ ಅವರನ್ನು ಮಾತ್ರ ಒಬ್ಬರೂ ಕೇಳಿಲ್ಲ. ಪತ್ರಿಕಾಧರ್ಮಕ್ಕೆ ಇದು ತಕ್ಕುದಲ್ಲವೆಂದು ಅಂಕಣಕಾರರು ಮುಂಡರಗಿ ತಾಲ್ಲೂಕಿನ ಡೋಣಿಗೆ ಬಂದಿಳಿದರು. ಜೇಬಿನಲ್ಲಿ ಬ್ಲೇಡು, ಕೈಯಲ್ಲಿ ಭೂತಗನ್ನಡಿ. ಭೂತಗನ್ನಡಿ ಈ ಸಂದರ್ಶನಕ್ಕೆಂದು ತಂದದ್ದಲ್ಲ. ಔಷಧದ ಡಬ್ಬಿಯ ಮೇಲಿನ ಅಕ್ಷರ ಓದಲಿಕ್ಕೆ ಅವರು ವರ್ಷಗಳಿಂದ ಅದನ್ನು ಹೊತ್ತೇ ತಿರುಗುತ್ತಾರೆ. ಆ ಕಥೆಯನ್ನು ಈ ಅಂಕಣದ ಓದುಗರು ಬೇಕಾದಷ್ಟು ಸಲ ಓದಿದ್ದಾರೆ, ಬೇಡವೆಂದರೂ ಓದಿದ್ದಾರೆ.

ಡೋಣಿಯ ನೆತ್ತಿಯ ಮೇಲೆ ಕಪ್ಪತಗುಡ್ಡ. ಗಣಿ ಬೇಡವೆಂದು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ಹೋರಾಡಿದ ಗುಡ್ಡ, 2019ರಲ್ಲಿ ವನ್ಯಜೀವಿಧಾಮವಾದ ಗುಡ್ಡ. ಗಿಡಮೂಲಿಕೆ ಅಂದರೆ ಈ ಭಾಗದವರು ಮೊದಲು ಬೆರಳು ತೋರಿಸುವುದೇ ಆ ಕಡೆಗೆ. ಗುಡ್ಡದ ಬುಡದ ಮಸಾರಿ ದಾಟಿ ಕೆಳಗಿಳಿದರೆ ಎರೆ ಹೊಲ, ಎರೆ ಹೊಲದಲ್ಲಿ ಕಡಲೆ. ಹಸಿರು ಸಾಲಿನ ನಡುವೆ ಅಲ್ಲಲ್ಲಿ ಹಳದಿ ತೇಪೆ. ಅಂಕಣಕಾರರು ಅಂಥದೊಂದು ತೇಪೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ತುದಿ ಬಾಗಿದ ಗಿಡವೊಂದನ್ನು ಬೇರು ಸಮೇತ ಕಿತ್ತರು. ಬೇರು ಗಟ್ಟಿಯಾಗಿಯೇ ಇತ್ತು, ಕೊಳೆತ ವಾಸನೆ ಇಲ್ಲ, ಬುಡದ ಸಿಪ್ಪೆಯೂ ಹಸಿ. ಬ್ಲೇಡಿನಿಂದ ಬುಡದಿಂದ ಮೇಲಕ್ಕೆ ಉದ್ದಕ್ಕೆ ಸೀಳಿದಾಗ ಒಳಗೆ, ಕಾಂಡದ ನಟ್ಟನಡುವೆ, ಸಪೂರವಾದ ಕಂದುಗಪ್ಪು ಗೆರೆ. ಭೂತಗನ್ನಡಿ ಹಿಡಿದರು. ಗೆರೆ ಮಾತಾಡಿತು.

"ಬರ್ರಿ ಸರ, ಬರ್ರಿ. ಬಾಗಲಾ ಬಡದು ಬರೂದು ಬಿಟ್ಟು ಗ್ವಾಡಿ ಸೀಳಿ ಬಂದ್ರಲ್ಲ!"

ವಿಜ್ಞಾನದ ದಾಖಲೆಯಲ್ಲಿ ಇವರ ಹೆಸರು ಫ್ಯುಸೇರಿಯಮ್ ಆಕ್ಸಿಸ್ಪೋರಮ್, ಕಡಲೆಗೆ ಮೀಸಲಾದ ಶಾಖೆಯವರು. ಇಲಾಖೆಯ ಕರಪತ್ರದಲ್ಲಿ ಸೊರಗು ರೋಗ, ಹೊಲದಲ್ಲಿ ಸಿಡಿ. ಬೇರಿನಿಂದ ಒಳಹೊಕ್ಕು, ನೀರೇರುವ ನಾಳದಲ್ಲಿ ಸಂಸಾರ ಹೂಡಿ, ಆ ನಾಳವನ್ನೇ ಮುಚ್ಚುವುದು ಇವರ ಕಸಬು. ಮಣ್ಣಿನಲ್ಲಿ ತೇವವಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಕಡಲೆಯ ಬೇರು ಸಿಗದ ವರ್ಷಗಳಲ್ಲಿ ದಪ್ಪ ಗೋಡೆಯ ಬೀಜಕಣವಾಗಿ ಮುದುಡಿ ಮಲಗುತ್ತಾರೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ವಿಜ್ಞಾನಿಗಳು ಎರೆಮಣ್ಣಿನಲ್ಲೇ ಪರೀಕ್ಷೆ ಮಾಡಿ, ಹಾಗೆ 6 ವರ್ಷ ಇರಬಲ್ಲರು ಎಂದು ಬರೆದಿಟ್ಟಿದ್ದಾರೆ.

"ಸಾಸಿವೆ ಬಾಟಲಿಯ ಬಗ್ಗೆ ತಮ್ಮ ಅಭಿಪ್ರಾಯ?" ಎಂದು ಅಂಕಣಕಾರರು ಶುರುಮಾಡಿದರು.

"ಸಾಸ್ವಿ ಮಾತು ಆಮ್ಯಾಲ. ಮೊದಲ ನನ್ನ ತಕರಾರು ಬರಕೋರಿ. ನಂಜನಗೂಡ ರಸಬಾಳಿ ಗೊತ್ತೈತಲ್ಲ? ಅದನ್ನ ಮುಗಿಸಿದಾಂವ ಯಾರು? ನಮ್ಮ ಕಾಕಾನ ಮಗ. ಅದ ಆಕ್ಸಿಸ್ಪೋರಮ್ ಮನಿತನ, ಬಾಳಿ ಶಾಖೆ. ಅಂವಗ ಏನ ಮರ್ಯಾದಿ ಅಂತೀರಿ! ಪನಾಮಾ ರೋಗ ಅಂತ ಒಂದ ದೇಶದ ಹೆಸರ ಇಟ್ಟಾರ. ಗ್ರೋ ಮಿಶೆಲ್ ಅನ್ನೂ ಬಾಳಿನ ಜಗತ್ತಿನ ಬಾಜಾರದಿಂದ ಓಡಿಸಿದಾ ಅಂತ ಪುಸ್ತಕ ಬರದಾರ. ಈಗ ಟಿಆರ್4 ಅಂತ ಹೊಸಾ ಅವತಾರ. ಆಸ್ಟ್ರೇಲಿಯಾದಾಗ ಬಾಳಿ ತ್ವಾಟಕ್ಕ ಕಾಲಿಡೂ ಮುಂದ ಬೂಟು ಔಷಧದಾಗ ಅದ್ದಬೇಕಂತ. ನನ್ನ ಸಂಬಂಧ ಮುಂಡರಗಿ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬಾಂವರ ಚಪ್ಪಲಿ ತೊಳದಾನೇನು?"

ರಸಬಾಳೆಗೆ ಭೌಗೋಳಿಕ ಸೂಚಕದ ಪಟ್ಟ ಸಿಕ್ಕರೂ ಹಣ್ಣು ಸಿಗುವುದೇ ಅಪರೂಪವಾಗಿದೆ ಎಂದು ಅಂಕಣಕಾರರು ಒಪ್ಪಿಕೊಂಡರು. ಆದರೆ ಇಂದಿನ ವಿಷಯ ಅದಲ್ಲ. "ಆ ಬಾಟಲಿ ನಿಮ್ಮ ಬುಡಕ್ಕೆ ಬಿತ್ತಲ್ಲ, ಅದರ ಮೇಲಿನ ಅಕ್ಷರ ಓದಲು ಬಂತೇ?"

"ನಂಗ ಕಣ್ಣ ಇಲ್ರಿ ಸರ."

"ಕಣ್ಣಿದ್ದವರಿಗೂ ಬಂದಿಲ್ಲ," ಎಂದು ಅಂಕಣಕಾರರು ಎದ್ದೇ ನಿಂತರು. 1971ರ ಕೀಟನಾಶಕ ನಿಯಮಗಳ ಪ್ರಕಾರ ಡಬ್ಬಿಯ ಜತೆ ಕೊಡುವ ಕಾಗದ ಹಿಂದಿ, ಇಂಗ್ಲಿಷ್ ಮತ್ತು ಆ ಭಾಗದ ಒಂದೆರಡು ಭಾಷೆಗಳಲ್ಲಿ ಇರಬೇಕು. ವಿಷದ ತೀವ್ರತೆ ತೋರಿಸುವ ಚೌಕ ಓರೆಯಾಗಿ ನಿಂತಿರಬೇಕು. ಅದರ ಕೆಳಗಿನ ಅರ್ಧ ಕೆಂಪು, ಹಳದಿ, ನೀಲಿ ಇಲ್ಲವೇ ಹಸಿರು. ಚೌಕ ಲೇಬಲ್ಲಿನ ಮುಖದ ಹದಿನಾರರಲ್ಲಿ ಒಂದು ಭಾಗಕ್ಕಿಂತ ಕಿರಿದಾಗಕೂಡದು. "ಬಣ್ಣಕ್ಕೆ ಇಷ್ಟು ಮರ್ಯಾದೆ! ಅಕ್ಷರ ನೋಡಿದರೆ ಸಾಸಿವೆ ಕಾಳಿಗಿಂತ ಸಣ್ಣದು. ಕನ್ನಡವಿದೆ, ಆದರೆ ಇರುವೆ ಓದುವ ಕನ್ನಡ. ಎಕರೆಗೆ ಎಷ್ಟು ಹಾಕಬೇಕು, ಎಷ್ಟು ದಿನ ಹೊಲಕ್ಕೆ ಹೋಗಬಾರದು, ಮೈಮೇಲೆ ಬಿದ್ದರೆ ಏನು ಮಾಡಬೇಕು, ಎಲ್ಲ ಅದರಲ್ಲೇ..."

"ಸರ," ಎಂದಿತು ಗೆರೆ, "ಸಂದರ್ಶನ ನಂದೋ, ಲೇಬಲ್ಲಿಂದೋ?"

ಅಂಕಣಕಾರರು ಕೂತರು.

ಸಾಸಿವೆಯ ಗುಟ್ಟು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಉಪ್ಪಿನಕಾಯಿ ಹಾಕುವವರ ಪಕ್ಕದಲ್ಲಿ ಕೂತರೆ ಸಾಕು. ಇಡಿ ಕಾಳಿಗೆ ವಾಸನೆಯೇ ಇಲ್ಲ. ಒಣಗಿದ್ದನ್ನು ಪುಡಿ ಮಾಡಿದರೂ ಅಷ್ಟಕ್ಕಷ್ಟೆ. ಅದೇ ಪುಡಿಗೆ ನಾಲ್ಕು ಹನಿ ನೀರು ಬಿದ್ದು ಒಂದೆರಡು ನಿಮಿಷ ಕಳೆಯಲಿ, ಘಾಟು ಮೂಗಿನಿಂದ ನೆತ್ತಿಗೇರುತ್ತದೆ, ಕಣ್ಣಲ್ಲಿ ದಳದಳ ನೀರು. ಕಾಳಿನಲ್ಲೂ ಎಲೆಯಲ್ಲೂ ಸಿನಿಗ್ರಿನ್ ಎಂಬ ವಸ್ತು ಒಂದು ಕೋಣೆಯಲ್ಲಿ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲಿ ಕೂತಿರುತ್ತವೆ. ಜಜ್ಜಿದಾಗ ನಡುವಿನ ಗೋಡೆ ಒಡೆಯುತ್ತದೆ. ನೀರು ಸೇರಿದಾಗ ಎರಡೂ ಕೂಡಿ ಅಲೈಲ್ ಐಸೊಥಯೊಸಯನೇಟ್ ಹುಟ್ಟುತ್ತದೆ. ಘಾಟು ಅಂದರೆ ಅದೇ. ಒಗ್ಗರಣೆಯ ಸಾಸಿವೆ ಮೂಗಿಗೆ ಹತ್ತುವುದಿಲ್ಲ, ಏಕೆಂದರೆ ಕಾದ ಎಣ್ಣೆಯಲ್ಲಿ ಕಿಣ್ವ ಸತ್ತಿರುತ್ತದೆ. ಗಿಡ ಈ ಘಾಟನ್ನು ಕೂಡಿಟ್ಟಿರುವುದು ನಮ್ಮ ಉಪ್ಪಿನಕಾಯಿಗಲ್ಲ, ತನ್ನನ್ನು ಕಡಿಯಲು ಬರುವ ಹುಳಕ್ಕೆ. ಸಾಸಿವೆ ಒಂದೇ ಅಲ್ಲ, ಎಲೆಕೋಸು, ಮೂಲಂಗಿ, ನುಗ್ಗೆ, ಬದುವಿನ ಮೇಲೆ ತಾನಾಗಿ ಬೆಳೆಯುವ ನಾಯಿ ಸಾಸಿವೆ, ಎಲ್ಲವೂ ಇದೇ ವಿದ್ಯೆ ಕಲಿತ ಬಳಗ.

ಈ ಘಾಟನ್ನು ಮಣ್ಣಿನಲ್ಲಿ ಹೂತರೆ ಅಲ್ಲಿನ ಶಿಲೀಂಧ್ರ ಸಾಯುತ್ತದೆಯೇ ಎಂದು ನೋಡಿ, ಆ ಪದ್ಧತಿಗೆ ಜೈವಿಕ ಧೂಮೀಕರಣ ಎಂಬರ್ಥದ ಹೆಸರು ಕೊಟ್ಟವರು ಆಸ್ಟ್ರೇಲಿಯಾದ ಜಾನ್ ಕಿರ್ಕೆಗಾರ್ಡ್ ಮತ್ತು ಸಂಗಡಿಗರು, 1993ರಲ್ಲಿ. ಹೊತ್ತು ಸರಿಯಾಗಿತ್ತು. ಸ್ಟ್ರಾಬೆರಿ, ಟೊಮೆಟೊ ಹೊಲಗಳ ಮಣ್ಣಿಗೆ ತುಂಬುತ್ತಿದ್ದ ಮೀಥೈಲ್ ಬ್ರೋಮೈಡ್ ಓಜೋನ್ ಪದರವನ್ನು ತಿನ್ನುತ್ತದೆಂದು 1992ರಲ್ಲಿ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿತ್ತು. ಸಿರಿವಂತ ದೇಶಗಳು 2005ಕ್ಕೆ, ಉಳಿದವು 2015ಕ್ಕೆ ಅದನ್ನು ಬಿಡಬೇಕಾಯಿತು. ಹಡಗಿನ ಸರಕಿಗೆ ಹೊಗೆ ಹಾಕುವಂಥ ಕೆಲಸಕ್ಕೆ ವಿನಾಯಿತಿ. ಬದಲಿಗೆ ಬಳಸುವ ಮೆಟಾಮ್ ಸೋಡಿಯಂ ಮಣ್ಣಿನಲ್ಲಿ ಒಡೆದಾಗ ಬರುವುದೂ ಒಂದು ಐಸೊಥಯೊಸಯನೇಟೇ. ಕಾರ್ಖಾನೆಯ ವಿಷ, ಸಾಸಿವೆಯ ಘಾಟು, ಎರಡೂ ಹತ್ತಿರದ ನೆಂಟರು. ಸಸ್ಯಮೂಲ ಅಂದ ಮಾತ್ರಕ್ಕೆ ತೀರ್ಥ ಆಗಿಬಿಡುವುದಿಲ್ಲ.

"ಹಂಗಾದ್ರ ಸಾಸ್ವಿ ಸುಳ್ಳೇನ್ರಿ?" ಅಂಕಣಕಾರರು ಅರಿವಿಲ್ಲದೆ ಅವರ ಭಾಷೆಗೇ ಇಳಿದಿದ್ದರು.

"ಸುಳ್ಳಲ್ರಿ. ಆ ಗಾಳಿ ಹತ್ತಿದರ ನಾನೂ ಸಾಯ್ತೇನಿ, ಖರೆ ಹೇಳ್ತೇನಿ. ಆದ್ರ ಅದಕ್ಕೊಂದ ಪದ್ಧತಿ ಐತಿ. ಸಾಸ್ವಿ ಬಿತ್ತಬೇಕು, ಹೂವಿಗೆ ಬಂದಾಗ ಸಣ್ಣಗ ಕೊಚ್ಚಬೇಕು, ಕೊಚ್ಚಿದ ತಾಸಿನ್ಯಾಗ ಮಣ್ಣಾಗ ಮುಚ್ಚಬೇಕು, ಮ್ಯಾಲ ನೀರ ಬಿಡಬೇಕು, ಗಾಳಿ ಹಾರಿ ಹೋಗಧಂಗ ಮಣ್ಣ ಒತ್ತಬೇಕು, ಇಲ್ಲಾಂದ್ರ ಪ್ಲಾಸ್ಟಿಕ್ ಹೊದಿಸಬೇಕು. ಆಮ್ಯಾಲ ಎರಡ ಮೂರ ವಾರ ಕೈಕಟ್ಟಿ ಕೂಡಬೇಕು. ಬಿತ್ತಿದ್ರೊ, ನನ್ನ ಜತಿ ನಿಮ್ಮ ಬೀಜಾನೂ ಹ್ವಾದು. ಅದು ನನ್ನ ಆರಿಸಿ ಕೊಲ್ಲೂದಿಲ್ಲ, ಮೊಳಕೀನೂ ಸುಡತೈತಿ."

ಬಾಟಲಿಯ ಇಡೀ ಬಣ್ಣ ಇಲ್ಲಿಗೆ ಕಳಚಿತು. ಅಮೆರಿಕದಲ್ಲಿ ಇದೇ ಅಲೈಲ್ ಐಸೊಥಯೊಸಯನೇಟ್ 2013ರಿಂದ ಮಣ್ಣಿನ ಧೂಮಕವಾಗಿ ನೋಂದಣಿಯಾಗಿದೆ. ಆದರೆ ಅದನ್ನು ಬಿತ್ತುವ ಮೊದಲು ಖಾಲಿ ಹೊಲದ ಮಣ್ಣಿನೊಳಕ್ಕೆ ಯಂತ್ರದಿಂದ ಇಳಿಸುತ್ತಾರೆ, ಇಲ್ಲವೇ ಹನಿ ಕೊಳವೆಯಲ್ಲಿ ಬಿಡುತ್ತಾರೆ, ಮೂಗು ಕಣ್ಣು ಮುಚ್ಚಿಕೊಂಡು. ನಮ್ಮ ವಿಡಿಯೊದಲ್ಲಿ ನಿಂತ ಗಿಡದ ಬುಡಕ್ಕೆ ಬರಿಗೈಯಲ್ಲಿ ಸುರಿಯುತ್ತಾರೆ. ಬಾಟಲಿಯಲ್ಲಿ ನಿಜವಾದ ಘಾಟು ಇದ್ದಿದ್ದರೆ ಸುರಿದವರ ಕಣ್ಣು ಉರಿದು, ಗಿಡ ಮೊದಲು ಸುಡಬೇಕಿತ್ತು. ಗಿಡ ನಳನಳಿಸಿತು ಅಂದರೆ ಒಳಗೆ ಘಾಟು ಇಲ್ಲ. ಇನ್ನು ನಾಳ ಮುಚ್ಚಿಹೋಗಿ ಬಾಡಿದ ಗಿಡವನ್ನು ಎಬ್ಬಿಸುವ ಔಷಧ ಯಾವ ಅಂಗಡಿಯಲ್ಲೂ ಇಲ್ಲ, ಸಸ್ಯಮೂಲವೂ ಇಲ್ಲ, ರಾಸಾಯನಿಕವೂ ಇಲ್ಲ.

ಪದ್ಧತಿಯಂತೆ ಮಾಡುವುದಾದರೂ ಲೆಕ್ಕ ಹಾಕಬೇಕಲ್ಲ. ಹಸಿ ಸೊಪ್ಪು ಹೂಳುವವರು ಸಾಮಾನ್ಯವಾಗಿ ಹಿಡಿಯುವ ಗುರಿ ಚದರ ಮೀಟರಿಗೆ 5 ಕಿಲೋ, ಅಂದರೆ ಹೆಕ್ಟೇರಿಗೆ 50 ಟನ್, ಎಕರೆಗೆ 20 ಟನ್. ಅಂಕಣಕಾರರು ಅಂಗೈ ಮೇಲೆ ಬರೆದು ತೋರಿಸಿದಾಗ ಗೆರೆ ನಕ್ಕುಬಿಟ್ಟಿತು.

"ಎಕರೆಕ್ಕ 20 ಟನ್ ಸಾಸ್ವಿ ಸೊಪ್ಪು ಬೆಳಿಯೂವಷ್ಟ ನೀರ ಡೋಣ್ಯಾಗ ಇದ್ದಿದ್ರ ಇಲ್ಲಿ ಯಾರ ಕಡ್ಲಿ ಬಿತ್ತತಿದ್ರು ಸರ? ಕಬ್ಬ ಹಚ್ತಿದ್ರು."

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ಇದು. ಅದೂ ಬೇಕಾದಾಗ ಬೀಳುವುದಿಲ್ಲ. ಹಿಂಗಾರಿ ಕಡಲೆ ಎರೆಮಣ್ಣಿನಲ್ಲಿ ಉಳಿದ ತೇವವನ್ನೇ ಹೀರಿ, ಇಬ್ಬನಿ ಕುಡಿದು ಕಾಳು ಕಟ್ಟುತ್ತದೆ. ಇಲ್ಲಿ ಒಂದು ಹಂಗಾಮು ಹೊಲವನ್ನು ಸಾಸಿವೆ ಗೊಬ್ಬರಕ್ಕೆ ಬಿಡಿ ಎನ್ನುವುದು ಉಣ್ಣುವವನ ತಟ್ಟೆ ಕಸಿದು ಆರೋಗ್ಯದ ಉಪನ್ಯಾಸ ಕೊಟ್ಟಂತೆ.

ಹಾಗಾದರೆ ಬೆದ್ದಲು ಭೂಮಿಗೆ ದಾರಿಯೇ ಇಲ್ಲವೇ? ಇದೆ, ಮತ್ತು ಡೋಣಿಗಿಂತ ಒಣಗಿದ ಜಾಗದಲ್ಲಿ ಅದನ್ನು ಕಂಡುಹಿಡಿದಿದ್ದಾರೆ. ಜೋಧಪುರದ ಕೇಂದ್ರೀಯ ಮರುಭೂಮಿ ಸಂಶೋಧನಾ ಸಂಸ್ಥೆಯ ಸತೀಶ್ ಲೋಧಾ ಮತ್ತು ಜತೆಯವರು ಹಸಿ ಸೊಪ್ಪಿನ ಗೊಡವೆಗೆ ಹೋಗಲಿಲ್ಲ. ರಾಜಸ್ಥಾನದಲ್ಲಿ ಸಾಸಿವೆ ಒಕ್ಕಿದ ಮೇಲೆ ಉಳಿಯುವ ಹೊಟ್ಟು, ಕಡ್ಡಿ, ಗಾಣದ ಹಿಂಡಿ ಬೇಕಾದಷ್ಟು. ಅದನ್ನು ಸುಡು ಬೇಸಿಗೆಯಲ್ಲಿ ಮಣ್ಣಿಗೆ ಸೇರಿಸಿ ನೀರು ಹಾಯಿಸಿದರು. ಬಿಸಿಲಿನ ಕಾವು, ನೀರಿನ ಹಸಿ, ಸಾಸಿವೆಯ ಘಾಟು ಮೂರೂ ಕೂಡಿದಾಗ ಒಣ ಬೇರುಕೊಳೆಯ ಶಿಲೀಂಧ್ರ ಮಣ್ಣಿನಲ್ಲಿ ಭಾರಿ ಪ್ರಮಾಣದಲ್ಲಿ ಕುಗ್ಗಿತು. 1997ರಲ್ಲೇ ಪ್ರಕಟವಾದ ಕೆಲಸ ಇದು. ಗೋರಿಕಾಯಿ, ಜೀರಿಗೆ ಬೆಳೆಯುವ ಹೊಲಗಳಿಗೆಂದು ಮಾಡಿದ್ದು. ನಮ್ಮ ಏಪ್ರಿಲ್-ಮೇ ಬಿಸಿಲು ಯಾರಿಗೂ ಕಡಿಮೆಯಿಲ್ಲ. ಆದರೆ ಗದಗ ಸೀಮೆಯ ಗಾಣದಲ್ಲಿ ಆಡುವುದು ಕುಸುಬಿ ಮತ್ತು ಶೇಂಗಾ. ಸಾಸಿವೆ ನಮಗೆ ಒಗ್ಗರಣೆ ಡಬ್ಬಿಯ ಸರಕು, ಹೊಲದ ಬೆಳೆಯಲ್ಲ. ಹಿಂಡಿ ತರಿಸಿದರೂ ಗಾಣದ ತಣ್ಣನೆಯ ಹಿಂಡಿ ಬೇಕು. ಕಾಯಿಸಿ ಎಣ್ಣೆ ತೆಗೆದ ಹಿಂಡಿಯಲ್ಲಿ ಕಿಣ್ವ ಉಳಿದಿರುವುದಿಲ್ಲ. ಹೋಗಲಿ, ಸಂತೆ ಮುಗಿದ ಮೇಲೆ ರಾಶಿ ಬೀಳುವ ಎಲೆಕೋಸಿನ ಹೊರಸಿಪ್ಪೆ? ಬೋರ್‌ವೆಲ್ ಇರುವ ಮೆಣಸಿನಕಾಯಿ ಸಸಿ ಮಡಿಗೆ, ಉಳ್ಳಾಗಡ್ಡಿ ಸಸಿ ಮಡಿಗೆ ಅಷ್ಟು ಸಾಕು. ನಾಲ್ಕು ಗುಂಟೆಯ ಮಡಿಯಲ್ಲಿ ಇದು ನಡೆಯುವ ಕೆಲಸ. ನಾಲ್ಕು ಕೂರಿಗೆ ಹೊಲಕ್ಕೆ ನಡೆಯುವುದಿಲ್ಲ. ಯಾವ ಜಾಹೀರಾತೂ ಹೇಳದ ವ್ಯತ್ಯಾಸ ಇದು.

"ಬೇವಿನ ಹಿಂಡಿ, ಟ್ರೈಕೋಡರ್ಮಾ ಬಗ್ಗೆ ಏನು ಹೇಳುತ್ತೀರಿ?"

"ರಸಬಾಳಿ ಮಾತ ಇನ್ನೂ ಮುಗದಿಲ್ಲ..."

"ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ ಬಿತ್ತಿದರೆ?"

"...ನಮ್ಮ ಕಾಕಾನ ಮಗಗ ನಂಜುಂಡೇಶ್ವರನ ಊರ, ನನಗ..."

ಕೇಳಬಾರದ್ದನ್ನು ಕೇಳಿದರೆ ನಮ್ಮ ಮಂತ್ರಿಗಳೂ ಹೀಗೆಯೇ. ಅಂಕಣಕಾರರು ದಾರಿ ಬದಲಿಸಿ, ಸುಮ್ಮನೆ ಒಂದು ಊರಿನ ಹೆಸರು ಹೇಳಿದರು: ಅಣ್ಣಿಗೇರಿ.

ಗೆರೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಗದಗಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯ ಅಣ್ಣಿಗೇರಿ, ಪಂಪನ ಊರೆಂದು ಓದುಗರಿಗೆ ಗೊತ್ತು. ಕಡಲೆಯವರಿಗೆ ಅದು ತಳಿಯ ಹೆಸರು. 1978ರಲ್ಲಿ ಬಿಡುಗಡೆಯಾದ ಅಣ್ಣಿಗೇರಿ-1 ಉತ್ತರ ಕರ್ನಾಟಕದ ಹೊಲಗಳನ್ನು ದಶಕಗಳ ಕಾಲ ಆಳಿತು. ಇಳುವರಿ ಚೆನ್ನ, ಕಾಳು ಚೆನ್ನ. ಸೊರಗು ರೋಗಕ್ಕೆ ಮಾತ್ರ ಸುಲಭದ ತುತ್ತು. ಆಮೇಲೆ ರೋಗ ತಡೆಯುವ ಜೆಜಿ-11 ಬಂದು ಹಬ್ಬಿತು. ಅಣ್ಣಿಗೇರಿಯ ಮೇಲಿನ ಪ್ರೀತಿ ಬಿಡಲಾಗದವರಿಗಾಗಿ ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸೇರಿ ಡಬ್ಲ್ಯುಆರ್-315 ಎಂಬ ತಳಿಯಲ್ಲಿದ್ದ ರೋಗನಿರೋಧಕ ಗುಣವನ್ನು ಅಣ್ಣಿಗೇರಿ-1ಕ್ಕೆ ತಂದು ಸೂಪರ್ ಅಣ್ಣಿಗೇರಿ-1 ಮಾಡಿದರು. ಸಸ್ಯಮೂಲದ ರೋಗ ನಿಯಂತ್ರಣ ಬೇಕೆನ್ನುವವರಿಗೆ ಇದಕ್ಕಿಂತ ಸಸ್ಯಮೂಲ ಇನ್ನೇನಿದೆ? ಬೀಜದ ಒಳಗೇ ಇದೆ, ಮುಚ್ಚಳ ಬೇಕಿಲ್ಲ.

"ಅದೊಂದ ಮಾತ ಆಡಬ್ಯಾಡ್ರಿ," ಎಂದಿತು ಗೆರೆ ಕೊನೆಗೆ. "ಆ ಬೀಜದ ಬೇರಿನ್ಯಾಗ ಬಾಗಲಾನ ತೆಗಿಯೂದಿಲ್ಲ. ಇರಲಿ, ನಮ್ಮ ಮಂದ್ಯಾಗೂ ಬ್ಯಾರೆ ಬ್ಯಾರೆ ಪಂಗಡ ಅದಾವು. ಇವತ್ತಿಲ್ಲಾಂದ್ರ ನಾಳೆ ಯಾರರ ಒಬ್ರು ಕೀಲಿ ತೆಗೀತಾರ. ಅಲ್ಲೀತನಕ ನನ್ನ ದಾಯಾದಿ ಇದ್ದಾನಲ್ಲ, ಒಣ ಬೇರುಕೊಳಿ ಮ್ಯಾಕ್ರೊಫೊಮಿನಾ. ಅಂವಗ ಬಿಸಲ ಏರಿದಷ್ಟು, ಹಸಿ ಆರಿದಷ್ಟು ಹಿಗ್ಗು. ಜ್ವಾಳಾ ಬಿತ್ತಿದರ ನಾ ಉಪಾಸ. ಅಂವ ಜ್ವಾಳದ ದಂಟಿನ್ಯಾಗೂ ಉಣ್ತಾನ, 500ಕ್ಕಿಂತ ಹೆಚ್ಚಿನ ಗಿಡದ ಮನ್ಯಾಗ ಅಂವಗ ತಾಟ ಇಡತಾರ. ಅಂವ ಕೊಂದ ಗಿಡಕ್ಕೂ ಸಿಡಿ ಹಾಯ್ತು ಅಂತ ನನ್ನ ಹೆಸರ ಹಚ್ತಾರ. ಎಲ್ಲಾ ಅಪವಾದ ನನಗ, ರಸಬಾಳಿ ಕೀರ್ತಿ ಮಾತ್ರ..."

ಮಾತಿನಲ್ಲಿ ಹುರುಳಿತ್ತು. ಒಣ ಬೇರುಕೊಳೆಯಾದರೆ ಕಾಂಡದ ನಡುವೆ ಗೆರೆ ಇರುವುದಿಲ್ಲ. ಕಿತ್ತಾಗ ತಾಯಿಬೇರು ಲಟಕ್ಕನೆ ಮುರಿದು ಅರ್ಧ ಮಣ್ಣಲ್ಲೇ ಉಳಿಯುತ್ತದೆ, ಸಣ್ಣ ಬೇರುಗಳೆಲ್ಲ ಉದುರಿರುತ್ತವೆ, ಎಲೆ ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಎರಡಕ್ಕೂ ಚಿಕಿತ್ಸೆ ಒಂದಲ್ಲ. ಸೊರಗಿಗೆ ನಿರೋಧಕ ಬೀಜ ಉಂಟು. ಒಣ ಕೊಳೆಗೆ ಆ ಬೀಜವೂ ಬಾಗುತ್ತದೆ. ಅಲ್ಲಿ ಬಿತ್ತನೆಯ ಹೊತ್ತು, ಮಣ್ಣಿನ ತೇವ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ ಇವುಗಳ ಮೇಲೆ ನಿಲ್ಲಬೇಕು. ಯಾವುದು ಯಾವುದೆಂದು ನೋಡದೆ "ಎಲ್ಲ ರೋಗಕ್ಕೂ" ಎಂದು ಮಾರುವವನು ರೋಗ ನೋಡಿಲ್ಲ, ಗಿರಾಕಿಯನ್ನು ನೋಡಿದ್ದಾನೆ.

ಇಲ್ಲಿಂದ ಮುಂದಿನದು ಸಂದರ್ಶನವಲ್ಲ.

2025ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರೇ ಹೇಳಿದ ಲೆಕ್ಕ: ಜೈವಿಕ ಉತ್ತೇಜಕ ಎಂಬ ಹೆಸರಿನಲ್ಲಿ ಸುಮಾರು 30,000 ಸರಕುಗಳು ಈ ದೇಶದಲ್ಲಿ ವರ್ಷಗಟ್ಟಲೆ ಯಾವ ತಪಾಸಣೆಯೂ ಇಲ್ಲದೆ ಮಾರಾಟವಾದವು. ಅದಕ್ಕೆ ಹಿಂದಿನ ನಾಲ್ಕು ವರ್ಷಗಳಲ್ಲೂ ಸುಮಾರು 8,000 ಚಲಾವಣೆಯಲ್ಲಿದ್ದವು. ಬಿಗಿ ಮಾಡಿದ ಮೇಲೆ ಉಳಿದದ್ದು 650ರಷ್ಟು. ಹಾಗಾದರೆ ಮಾಯವಾದ 29,000ಕ್ಕೂ ಹೆಚ್ಚು ಸರಕುಗಳ ದುಡ್ಡು ಯಾರದು? ಅದನ್ನು ಹಿಂದಕ್ಕೆ ಕೊಟ್ಟವರು ಯಾರು? ಒಬ್ಬರೂ ಇಲ್ಲ. ರೈತ ತೆತ್ತ, ಮುಗಿಯಿತು. ಉದ್ರಿ ತಂದವನು ಬಡ್ಡಿ ಸಮೇತ ತೆತ್ತ.

ಉದ್ರಿ ಕೊಡುವ ಅಂಗಡಿಯೇ ಹಳ್ಳಿಯಲ್ಲಿ ವೈದ್ಯ, ಅದೇ ಔಷಧಾಲಯ, ಸುಗ್ಗಿಯಲ್ಲಿ ಕೆಲವೊಮ್ಮೆ ಕಾಳು ಕೊಳ್ಳುವ ದಲಾಲಿಯೂ ಅದೇ. ಬಾಡಿದ ಗಿಡ ಹಿಡಿದು ಕಟ್ಟೆ ಹತ್ತಿದವನಿಗೆ "ಏನೂ ಬೇಡ, ಮುಂದಿನ ಸಲ ಬೀಜ ಬದಲಿಸು" ಎಂದು ಹೇಳಿ ಬರಿಗೈಯಲ್ಲಿ ಕಳಿಸುವ ಅಂಗಡಿ ಎಲ್ಲಿದೆ? ಹಾಗೆ ಹೇಳಬೇಕಾದವರಿಗೆ ಸರ್ಕಾರ ಸಂಬಳ ಕೊಡುತ್ತದೆ, ಅವರನ್ನು ಹೊಲದ ಬದಲು ಸಮೀಕ್ಷೆಗೆ, ಆ್ಯಪ್ ತುಂಬಲಿಕ್ಕೆ, ಸಬ್ಸಿಡಿ ಪಟ್ಟಿಗೆ ಓಡಿಸುತ್ತದೆ. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ್ದು ರೈತ ಸಾವಕಾರನ ಕಟ್ಟೆಗೆ ಕೈಯೊಡ್ಡಬಾರದೆಂದು. ನೂರಿಪ್ಪತ್ತು ವರ್ಷವಾಯಿತು, ಕಟ್ಟೆಯ ಮೇಲಿನ ಬೋರ್ಡು ಬದಲಾಗಿದೆ.

ಬೆಳೆ ಹೋದ ಮೇಲಾದರೂ? 2022-23ರಲ್ಲಿ ಕಲಬುರಗಿ ಸೀಮೆಯ ತೊಗರಿಗೆ ನೆಟೆ ರೋಗ ಬಡಿದು ಹೊಲಕ್ಕೆ ಹೊಲವೇ ಒಣಗಿ ನಿಂತಾಗ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಎಕರೆಗೆ 4,000. ಅದು ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಲಾವಣಿಗೆ ಮಾಡಿದವನಿಗೆ ಪಹಣಿ ಇಲ್ಲ, ಕಾಗದ ಇಲ್ಲ. 1974ರ ಭೂಸುಧಾರಣೆಯ ನಂತರ ಕಾನೂನಿನ ಕಣ್ಣಿಗೆ ಲಾವಣಿ ಎಂಬುದೇ ಇಲ್ಲ. ಬೀಜ ಅವನದು, ಬಾಟಲಿ ಅವನದು, ಸಾಲ ಅವನದು, ರೋಗ ಅವನದು. ಪರಿಹಾರ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಹೊಲದ ಮಾಲೀಕನದು. ಬರಿಗೈಯಲ್ಲಿ ಔಷಧ ಕಲಸುವವರೂ, ಮರುದಿನವೇ ಅದೇ ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳೂ ಯಾವ ಪಟ್ಟಿಯಲ್ಲೂ ಇಲ್ಲ. ಅಂಕಣಕಾರರು ಅಕ್ಷರದ ಗಾತ್ರದ ಬಗ್ಗೆ ತಲೆ ಕೆಡಿಸಿಕೊಂಡದ್ದು ನಗೆಪಾಟಲಾದರೂ ಆಗಲಿ. ಆ ಸಣ್ಣ ಅಕ್ಷರದಲ್ಲಿ ಬರೆದಿರುವುದು ಈ ಹೆಣ್ಣುಮಕ್ಕಳ ಕಣ್ಣು, ಚರ್ಮ, ಉಸಿರಿನ ಮಾತು. ಅದನ್ನು ಓದಲಾಗದಂತೆ ಅಚ್ಚು ಹಾಕಿದವರಿಗೆ ಅದು ಗೊತ್ತು.

"ಸರ, ಭಾಳ ಸಿಟ್ಟಿಗೆದ್ರಿ," ಎಂದಿತು ಗೆರೆ. ಬಿಸಿಲಿಗೆ ಸೀಳಿದ ಕಾಂಡ ಒಣಗತೊಡಗಿತ್ತು, ದನಿ ಸಣ್ಣದಾಗಿತ್ತು. "ನಂಗೊಂದ ತಿಳಿವಲ್ದು. ಹೆಸರ ಕಿತ್ತ ಹೊಲಕ್ಕ ಕಡ್ಲಿ, ಮುಂದಿನ ವರ್ಷ ಮತ್ತ ಕಡ್ಲಿ, ಅದರ ಮುಂದ ಮತ್ತ ಕಡ್ಲಿ. ನಿಮ್ಮ ಮುತ್ಯಾ ಬಿಳಿಜ್ವಾಳ ಬಿತ್ತತಿದ್ದ, ಬದುವಿಗೆ ಕುಸುಬಿ ಹಾಕತಿದ್ದ, ನಡುವ ಕೊತಂಬರಿ ಉಗ್ಗತಿದ್ದ. ನಾ ಅಂತ ವರ್ಷ ಕಣ್ಣ ಮುಚ್ಚಿ ಮಲಗತಿದ್ನಿ. ಈಗ ನೀವ ವರ್ಷಾ ಊಟಕ್ಕ ಕರೀತೀರಿ, ಬಂದ ಮ್ಯಾಲ ಬಾಟಲಿ ತೋರಸ್ತೀರಿ. ಇದ್ಯಾವ ಆತಿಥ್ಯ?"

"ಜೋಳಕ್ಕೆ ಆಳು ಸಿಗುವುದಿಲ್ಲ, ರೇಟೂ ಇಲ್ಲ," ಎಂದರು ಅಂಕಣಕಾರರು.

"ಅದು ನಿಮ್ಮ ಬಾಜಾರದ ರೋಗರಿ, ನಂದಲ್ಲ. ಅದರ ಸಂದರ್ಶನ ಬ್ಯಾರೆ ಮಾಡ್ರಿ. ಈ ಸಂದರ್ಶನ ಯಾವಾಗ ಬರತೈತಿ? ನನ್ನ ಫೋಟೊ ಹಾಕ್ರಿ. ರಸಬಾಳಿಯವಂದ ಹಾಕಬ್ಯಾಡ್ರಿ ಮತ್ತ."

ಫೋಟೊ ತೆಗೆಯುವುದರೊಳಗೆ ಕಾಂಡ ಸುರುಟಿತ್ತು. ಆದ್ದರಿಂದ ಓದುಗರಿಗೆ ಕೆಲಸದ ಮಾತು ಮಾತ್ರ. ಹೊಲದಲ್ಲಿ ಕಡಲೆ ಬಾಡಿದರೆ ಅಂಗಡಿಗೆ ಹೋಗುವ ಮೊದಲು ಗಿಡ ಕಿತ್ತು ಸೀಳಿ ನೋಡಿ. ನಡುವೆ ಗೆರೆ ಇದ್ದರೆ ಮುಂದಿನ ಹಂಗಾಮಿಗೆ ಬೀಜ ಬದಲಿಸುವ ಮಾತು, ಬೇರು ಲಟಕ್ಕನೆ ಮುರಿದರೆ ಬೇರೆ ಮಾತು. ತಿಳಿಯದಿದ್ದರೆ ಹುಲಕೋಟಿಯ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಒಯ್ಯಿರಿ. ಬೇರು ಸಮೇತ ಒಯ್ಯಿರಿ, ಮಣ್ಣು ಝಾಡಿಸಬೇಡಿ, ಕಿತ್ತ ದಿನವೇ ಮುಟ್ಟಿಸಿ. ತುದಿ ಮುರಿದು ಒಯ್ದರೆ ಯಾವ ವಿಜ್ಞಾನಿಗೂ ಏನೂ ತಿಳಿಯುವುದಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ ಸಸಿ ಮಡಿ ಇರುವವರು ಈ ಬೇಸಿಗೆಯಲ್ಲಿ ಒಂದೇ ಒಂದು ಮಡಿಯಲ್ಲಿ ಕೋಸಿನ ಸಿಪ್ಪೆಯನ್ನೋ ಗಾಣದ ಸಾಸಿವೆ ಹಿಂಡಿಯನ್ನೋ ಹೂತು, ನೀರು ಬಿಟ್ಟು, ಪ್ಲಾಸ್ಟಿಕ್ ಹೊದಿಸಿ, ಮೂರು ವಾರ ಬಿಟ್ಟು ಬಿತ್ತಿ ನೋಡಬಹುದು. ಪಕ್ಕದ ಮಡಿಯನ್ನು ಹಾಗೆಯೇ ಬಿಡಿ, ಇಲ್ಲದಿದ್ದರೆ ಗುಣವಾದದ್ದು ಯಾವುದರಿಂದ ಎಂದು ಗೊತ್ತಾಗದು. ಬಾಟಲಿ ಕೊಂಡು ಆಗಿಬಿಟ್ಟಿದ್ದರೆ ಖಾಲಿ ಬಾಟಲಿ ಎಸೆಯಬೇಡಿ, ಬ್ಯಾಚ್ ಸಂಖ್ಯೆ ಅದರ ಮೇಲಿದೆ. ರಸೀದಿ ಕೊಟ್ಟಿಲ್ಲವಾದರೆ ನಾಳೆಯೇ ಹೋಗಿ ಕೇಳಿ ಪಡೆಯಿರಿ, ರಸೀದಿ ಇಲ್ಲದ ದೂರು ಗ್ರಾಹಕರ ಆಯೋಗದ ಮುಂದೆ ನಿಲ್ಲುವುದು ಕಷ್ಟ.